ಮಾಮಾನ ಅಂಬಾಸಿಡರ್ ಯಾಕೆ ಚಾಲೂ ಆಗಲಿಲ್ಲ?

ಅವತ್ತು ಅವ್ವನನ್ನು ಗುತ್ತಲದಿಂದ ಹಾವೇರಿ ದವಾಖಾನೆಗೆ ಒಯ್ಯಬೇಕಿತ್ತು. ಹಿಂದಿನ ರಾತ್ರಿ ಮಳೆ ಬಂದಿತ್ತು. ಮಾಮಾನ ಹಳೇ ಪೆಟ್ರೋಲ್ ಅಂಬಾಸಿಡರ್ ಎಂಜಿನ್ ತಿರುಗಿತು, ಆದರೆ ಚಾಲೂ ಆಗಲಿಲ್ಲ.

"ಮಾಮಾ, ದಬ್ಬೂಣೇನು?" ಅಂದೆ.

"ತಡಿ ತಮ್ಮಾ, ಮೊದ್ಲ ಕಿಡಿ ಬರತೈತೇನು ನೋಡೂಣು."

ಪ್ಲಗ್ ಬಿಚ್ಚಿ ಅದರ ವಾಯರಿಗೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು ಚಾವಿ ತಿರುವಿಸಿದರು. ಕಿಡಿ ಬರಲಿಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಒಳಗೆ ಪಸೆ, ಪಾಯಿಂಟ್ ಕರ್ರಗಾಗಿತ್ತು.

ಪಾಯಿಂಟ್ ಕೂಡಿದಾಗ 12 ವೋಲ್ಟ್ ಬ್ಯಾಟರಿಯ ಕರೆಂಟ್ ಕಾಯಿಲಿನೊಳಗೆ ಹರಿಯುತ್ತದೆ. ಬಿಟ್ಟ ಕೂಡಲೇ ಕಾಯಿಲಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟಿಗೆ ಕರಿ ಹಿಡಿದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ.

ಮಾಮಾ ಮುಚ್ಚಳ ಒರೆಸಿ, ಪಾಯಿಂಟ್ ತಿಕ್ಕಿ, ಸಂದು ಸುಮಾರು 0.4 ಮಿಲಿಮೀಟರ್ ಇಟ್ಟರು. ಬುರ್ರ್ ಅಂತು! ಡಾಕ್ಟರ್ ಏಳುವುದರೊಳಗೆ ಮುಟ್ಟಿದೆವು.

ಗೆಳೆಯರೇ, ನೀವು ಮಾತ್ರ ಕೈ ಹಾಕಬೇಡಿರಿ, ಶಾಕ್ ಜೋರು ಹೊಡೆಯುತ್ತದೆ!