ಲೆಕ್ಕ ಹಾಕಿ ಹಾಕಿ ಸುಸ್ತಾಗುವ ಮನಸ್ಸು

ದಿನವಿಡೀ ಒಂದೊಂದು ರೂಪಾಯಿಗೂ ಲೆಕ್ಕ ಹಾಕಿ, ಸಂಜೆ ಹೊತ್ತಿಗೆ ಬೇಡದ್ದೇನನ್ನೋ ಕೊಂಡು ಮನೆಗೆ ಬಂದದ್ದುಂಟೇ? ಉಂಟು ಅನ್ನುವಿರಾದರೆ ನಾಚಿಕೊಳ್ಳಬೇಡಿ, ನನ್ನದೂ ಅದೇ ಕಥೆ.

ನಾವಿರುವುದು ರಾಜಾಜಿನಗರದಲ್ಲಿ. ನಮ್ಮ ಮನೆಗೆಲಸಕ್ಕೆ ಬರುವಾಕೆ ವಿಜಯನಗರದ ಮಾರುಕಟ್ಟೆಯಲ್ಲಿ ಕಾಲು ಕಿಲೋ ಬೀನ್ಸಿಗೆ ಹತ್ತು ನಿಮಿಷ ಚೌಕಾಸಿ ಮಾಡುತ್ತಾಳೆ. ಮನೆ ಹತ್ತಿರ ಬಂದವಳೇ ಮಕ್ಕಳಿಗೆಂದು ಐವತ್ತು ರೂಪಾಯಿಯ ಬೋಂಡ ಕಟ್ಟಿಸಿಕೊಳ್ಳುತ್ತಾಳೆ. "ನಿನಗೆ ಉಳಿಸೋದೇ ಗೊತ್ತಿಲ್ವಲ್ಲೇ" ಎಂದು ಎಷ್ಟೋ ಸಲ ಗದರಿದ್ದೆ.

2020ರ ಲಾಕ್‌ಡೌನಿನಲ್ಲಿ ನಮ್ಮವರ ಕಾರ್ಖಾನೆ ಮುಚ್ಚಿ ಮೂರು ತಿಂಗಳು ಸಂಬಳ ಬರಲಿಲ್ಲ. ಆಗ ಗೊತ್ತಾಯಿತು ನೋಡಿ. ಕೈಯಲ್ಲಿ ದುಡ್ಡಿದ್ದಾಗ ಬೇಳೆ ಕೊಂಡರೆ ಅಲ್ಲಿಗೆ ಮುಗಿಯಿತು. ಇಲ್ಲದಾಗ, ಬೇಳೆ ಕೊಂಡರೆ ಯಾವುದನ್ನು ಬಿಡುವುದು ಎಂದೂ ತೀರ್ಮಾನಿಸಬೇಕು. ಎಣ್ಣೆ, ಹಾಲು, ಸೋಪು, ಎಲ್ಲಕ್ಕೂ ಇದೇ ಪರೀಕ್ಷೆ. ಒಂದು ಸಂಜೆ ಅತ್ತೆಯವರ ಬಿ.ಪಿ. ಮಾತ್ರೆಗೆಂದು ಹೊರಟವಳು ಮೂರು ಅಂಗಡಿ ಸುತ್ತಿ ಸಾಕಾಗಿ, ಮಕ್ಕಳಿಗೆ ಕೇಕ್ ತಂದೆ. ಮಾತ್ರೆ ಮರೆತೇಹೋಗಿತ್ತು! ರಾತ್ರಿ ಊಟವಾದ ಮೇಲೆ ಅತ್ತೆ ಕೈ ಚಾಚಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಇದು ನನ್ನೊಬ್ಬಳ ದಡ್ಡತನವಲ್ಲವೆಂದು ಆಮೇಲೆ ಓದಿ ತಿಳಿದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕಟಾವಾದ ಮೇಲೆ ಒಮ್ಮೆ ಪರೀಕ್ಷಿಸಿದರಂತೆ. ಫಲಿತಾಂಶ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕೈ ಬರಿದಾಗಿದ್ದಾಗ ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ಅದೇ ರೈತರು, ಬೆಳೆಯ ಹಣ ಬಂದ ಮೇಲೆ ಚುರುಕಾಗಿದ್ದರು. ಹಣದ ಚಿಂತೆಯೇ ತಲೆಯ ತುಂಬ ಕೂತರೆ ಬೇರೆ ಯೋಚನೆಗೆ ಜಾಗವೆಲ್ಲಿ?

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ಸಿನ 'ಶಕ್ತಿ' ಯೋಜನೆ ಶುರುವಾಯಿತಲ್ಲ, ಆಗ ನಮ್ಮ ಕೆಲಸದಾಕೆ ಅಂದಳು: "ಅಕ್ಕಾ, ಬಸ್ಸಿಗೆ ಹೋಗ್ಲಾ, ನಡೀಲಾ ಅಂತ ದಿನಾ ಯೋಚ್ನೆ ಮಾಡೋದು ತಪ್ತು." ಉಳಿದ ಕಾಸಿನ ಮಾತೇ ಅವಳು ಮೊದಲು ಎತ್ತಲಿಲ್ಲ!

ಹಾಗಾದರೆ ನಾವೇನು ಮಾಡಬಹುದು?

* ಸಂಬಳ ಬಂದ ದಿನವೇ ಅಕ್ಕಿ, ಬೇಳೆ, ಔಷಧಿ ತಂದುಬಿಡಿ. ಬಾಡಿಗೆ, ಶಾಲೆಯ ಫೀಸು ಬೇರೆ ಬೇರೆ ಲಕೋಟೆಯಲ್ಲಿರಲಿ.

* ವಾರದ ಅಡಿಗೆಯನ್ನು ಭಾನುವಾರವೇ ಬರೆದಿಡಿ. ಸೋಮವಾರ ಹುರುಳಿ ಸಾರು, ಮಂಗಳವಾರ ಸೊಪ್ಪಿನ ಹುಳಿ, ಹೀಗೆ.

* ಸಾಲ, ಚೀಟಿ, ಕಂತಿನ ಮಾತು ಸಂಜೆ ದಣಿದಾಗ ಬೇಡ. ಬೆಳಿಗ್ಗೆಗೆ ಇಟ್ಟುಕೊಳ್ಳಿ.

* ಮಕ್ಕಳ ತಿಂಡಿಗೂ ಒಂದಿಷ್ಟು ಎತ್ತಿಡಿ. ಅವರ ಆಸೆಯೂ ಖರ್ಚಿನ ಲೆಕ್ಕವೇ.

ಇನ್ನೊಂದು ಮಾತು. ಈಗ ನಾನು ಅವಳನ್ನು ಗದರುವುದಿಲ್ಲ. ಹತ್ತನೇ ತಾರೀಖಿನವರೆಗೆ ಎಳೆಯುತ್ತಿದ್ದ ಅವಳ ಸಂಬಳವನ್ನು ಒಂದನೇ ತಾರೀಖಿಗೇ ಕೈಯಲ್ಲಿಡುತ್ತೇನೆ. ನೀವೂ ಹಾಗೆ ಮಾಡಿ ನೋಡಿ.