ಮುಚ್ಚಿದ ಕಿಟಕಿಯ ಒಳಗಿನ ವಿಷ

ಡೊಂಬಿವಲಿಯಲ್ಲಿ ವಾಸಿಸತಕ್ಕವರಿಗೆ ಗಾಳಿಯ ವಿಷಯದಲ್ಲಿ ಎಚ್ಚರವನ್ನು ಹೊಸದಾಗಿ ಬೋಧಿಸಬೇಕಾದುದಿಲ್ಲ. ಎಂ.ಐ.ಡಿ.ಸಿ. ಕೈಗಾರಿಕಾ ವಲಯದ ಕಡೆಯಿಂದ ದುರ್ಗಂಧ ಬೀಸಿದ ರಾತ್ರಿಗಳಲ್ಲಿ ಕಿಟಕಿಗಳನ್ನು ಭದ್ರವಾಗಿ ಮುಚ್ಚಿ ಮಲಗುವುದು ಅನೇಕ ಕುಟುಂಬಗಳಿಗೆ ರೂಢಿಯಾಗಿಹೋಗಿದೆ. 2016ರ ಮೇ ತಿಂಗಳಲ್ಲಿಯೂ ಮತ್ತೆ 2024ರ ಮೇ ತಿಂಗಳಲ್ಲಿಯೂ ಆ ಕೈಗಾರಿಕಾ ವಲಯದಲ್ಲಿ ಸಂಭವಿಸಿದ ಸ್ಫೋಟಗಳಿಂದ ದೂರದ ಮನೆಗಳ ಗಾಜುಗಳೂ ಒಡೆದುದನ್ನು ಕಂಡವರು ಹೊರಗಿನ ವಾಯುವಿಗೆ ಭಯಪಡುವುದು ಸಹಜವೇ ಆಗಿದೆ. ಆದರೆ ಹೊರಗಿನ ವಿಷವು ಒಳಬಾರದಿರಲೆಂದು ಮುಚ್ಚಿದ ಅದೇ ಕಿಟಕಿಯು, ಮನೆಯೊಳಗೆ ಗ್ಯಾಸ್ ಗೀಸರು ಉರಿಯುತ್ತಿರುವಾಗ, ಒಳಗಿನ ವಿಷವನ್ನು ಹೊರಹೋಗಗೊಡದ ತಡೆಯಾಗಿ ಪರಿಣಮಿಸುತ್ತದೆಂಬುದನ್ನು ನಾವು ಇನ್ನೂ ಸಾಕಷ್ಟು ಮನಗಂಡಿಲ್ಲ.

ಇಂಧನವು ಪೂರ್ಣವಾಗಿ ದಹಿಸಲು ಬೇಕಾದಷ್ಟು ಆಮ್ಲಜನಕ ದೊರೆಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕ ಬಲದಿಂದ ಇದನ್ನು ಹಿಡಿದುಕೊಳ್ಳುವುದರಿಂದ, ಉಸಿರಾಟ ನಡೆಯುತ್ತಿದ್ದರೂ ಅಂಗಾಂಗಗಳಿಗೆ ಪ್ರಾಣವಾಯು ತಲುಪದೆ, ಪಿತ್ತವೆಂದು ತಳ್ಳಿಹಾಕಬಹುದಾದ ತಲೆನೋವು, ವಾಕರಿಕೆ, ತಲೆಸುತ್ತುಗಳಿಂದ ಆರಂಭವಾದುದು ಕೆಲವೇ ನಿಮಿಷಗಳಲ್ಲಿ ಮೂರ್ಛೆಗೂ ಮರಣಕ್ಕೂ ಮುಟ್ಟಬಹುದು. 2023ರ ಹೋಳಿಯ ಸಮಯದಲ್ಲಿ ಘಾಟ್ಕೋಪರದ ದಂಪತಿಗಳಿಬ್ಬರು ಸ್ನಾನಗೃಹದಲ್ಲಿ ಮೃತರಾದಾಗ ಪೊಲೀಸರ ಶಂಕೆ ಹರಿದುದು ಗ್ಯಾಸ್ ಗೀಸರಿನ ಕಡೆಗೇ.

ಸಿಲಿಂಡರಿನ ಅನಿಲಕ್ಕೂ ಪೈಪಿನ ಅನಿಲಕ್ಕೂ ಸೋರಿಕೆ ತಿಳಿಯಲೆಂದು ತೀಕ್ಷ್ಣಗಂಧವನ್ನು ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಅಂಥ ಗುರುತಿಲ್ಲ. 1890ರ ದಶಕದಲ್ಲಿ ಬ್ರಿಟನ್ನಿನ ಗಣಿ ದುರಂತಗಳನ್ನು ಪರಿಶೋಧಿಸಿದ ಜೆ. ಎಸ್. ಹಾಲ್ಡೇನರು ಮನುಷ್ಯನಿಗಿಂತ ಬೇಗನೆ ಈ ಅನಿಲದ ಬಾಧೆಗೊಳಗಾಗುವ ಚಿಕ್ಕ ಪ್ರಾಣಿಗಳನ್ನು ಎಚ್ಚರಿಕೆಗಾಗಿ ಒಯ್ಯಬೇಕೆಂದು ಸೂಚಿಸಿದರು. ಕ್ಯಾನರಿ ಹಕ್ಕಿಗಳು 1986ರವರೆಗೂ ಅಲ್ಲಿನ ಗಣಿಗಳಲ್ಲಿ ಆ ಕಾರ್ಯವನ್ನು ಮಾಡಿದವು. ಇಂದು ಆ ಕಾವಲಿಗೆ ನಿಂತಿರುವುದು ವಿದ್ಯುದ್ರಾಸಾಯನಿಕ ಸಂವೇದಕವುಳ್ಳ ಪುಟ್ಟ ಪೆಟ್ಟಿಗೆ. ಯೂರೋಪಿನ ಇಎನ್ 50291 ಮಾನದಂಡದ ಅಲಾರಂ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲದ 50 ಭಾಗ ಸೇರಿದರೆ 60ರಿಂದ 90 ನಿಮಿಷಗಳಲ್ಲಿಯೂ, 300 ಭಾಗ ಸೇರಿದರೆ 3 ನಿಮಿಷಗಳೊಳಗೂ ಕೂಗತಕ್ಕದ್ದು. ಅಂಗಡಿಯಲ್ಲಿ ‘ಗ್ಯಾಸ್ ಅಲಾರಂ’ ಎಂದು ಕೊಡುವುದು ಬಹುಮಟ್ಟಿಗೆ ಅಡುಗೆ ಅನಿಲದ ಸೋರಿಕೆಯನ್ನು ಮಾತ್ರ ಅರಿಯುವ ಬೇರೊಂದು ಯಂತ್ರವಾದ್ದರಿಂದ, ಕೊಳ್ಳುವ ಮೊದಲು ಪೆಟ್ಟಿಗೆಯ ಮೇಲಿನ ಬರಹವನ್ನು ಓದಲೇಬೇಕು.

ಇದನ್ನು ಎಲ್ಲಿ ಕೂರಿಸಬೇಕೆಂಬುದೇ ಬಹಳ ವಿಚಾರ ಬೇಡುವ ಪ್ರಶ್ನೆ. ಸ್ನಾನಗೃಹದ ಹಬೆ ಸಂವೇದಕವನ್ನು ಕೆಡಿಸುವುದರಿಂದ ಅಲ್ಲಿ ಹಾಕುವಂತಿಲ್ಲ. ಹೊರಗಿನ ಪ್ಯಾಸೇಜಿನಲ್ಲಿ ಹಾಕಿದರೋ, ಚಿಲಕವಿಕ್ಕಿದ ಬಾಗಿಲಿನ ಹಿಂದೆ ಸ್ನಾನಮಾಡುತ್ತಿರುವವನ ಪ್ರಾಣಕ್ಕೆ ಅಪಾಯ ಒದಗಿದ ಎಷ್ಟೋ ಹೊತ್ತಿನ ಮೇಲೆ ಅದು ಕೂಗೀತು. ಆದ್ದರಿಂದ ಗೀಸರನ್ನು ಮೊದಲು ಸ್ನಾನಗೃಹದಿಂದ ಹೊರಗೆ, ಗಾಳಿಯಾಡುವ ಬಾಲ್ಕನಿಗೆ ಸಾಗಿಸಿ, ಅನಂತರ ಅಲಾರಮಿನ ಮಾತೆತ್ತುವುದೇ ವಿವೇಕವೆಂದು ನನ್ನ ದೃಢವಾದ ಅಭಿಪ್ರಾಯ. ಉರಿಯುವ ಉಪಕರಣವಿರುವ ಕೋಣೆಯಲ್ಲಿ, ಅದರಿಂದ ಅಡ್ಡಳತೆಯಲ್ಲಿ 1ರಿಂದ 3 ಮೀಟರ್ ದೂರದಲ್ಲಿ, ಗೋಡೆಯ ಮೇಲಾದರೆ ಬಾಗಿಲು ಕಿಟಕಿಗಳ ನೆತ್ತಿಗಿಂತ ಎತ್ತರದಲ್ಲಿ, ಆದರೆ ಛಾವಣಿಗಿಂತ 15 ಸೆಂಟಿಮೀಟರಾದರೂ ಕೆಳಗೆ, ಛಾವಣಿಯಲ್ಲಾದರೆ ಯಾವ ಗೋಡೆಯಿಂದಲೂ 30 ಸೆಂಟಿಮೀಟರ್ ದೂರಕ್ಕೆ ಅದನ್ನು ಹಾಕಬೇಕು. ಮಲಗುವ ಕೋಣೆಯಲ್ಲಾದರೆ ಮಲಗಿದವರ ಉಸಿರಿನ ಮಟ್ಟದಲ್ಲಿ. ಪರದೆಯ ಹಿಂದೆ, ಫ್ಯಾನಿನ ಗಾಳಿಯಲ್ಲಿ, ಸಿಂಕಿನ ಮೇಲೆ ಸಲ್ಲದು.

ಅಮೆರಿಕದಲ್ಲಿರುವ ಮಕ್ಕಳು ತಂದುಕೊಡುವ ಅಲಾರಂ ಅಲ್ಲಿನ 120 ವೋಲ್ಟಿಗೆ ರಚಿತವಾದುದು. ನಮ್ಮ 230 ವೋಲ್ಟಿಗೆ ಜೋಡಿಸಿದರೆ ಸುಟ್ಟುಹೋಗಬಹುದು. ವೈರಿಂಗಿನ ಕೆಲಸವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನಿಗೇ ಒಪ್ಪಿಸತಕ್ಕದ್ದು. ಆತನು ಮೇನ್ ಸ್ವಿಚ್ಚನ್ನು ಆರಿಸಿ, ಟೆಸ್ಟರಿನಿಂದ ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕೈಹಾಕಬೇಕು. ಹಳೆಯ ಕಟ್ಟಡಗಳಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲನ್ನು ಕಡಿಯುವಂತೆ ಜೋಡಿಸಿರಬಹುದಾದ್ದರಿಂದ, ಬರಿಯ ದೀಪದ ಸ್ವಿಚ್ಚನ್ನು ಆರಿಸಿ ತೃಪ್ತನಾಗುವುದು ಪ್ರಾಣಾಂತಿಕವಾದೀತು. ಅಲಾರಮಿಗೆ ಹೋಗುವ ಫೇಸು ಯಾವ ಸ್ವಿಚ್ಚಿನ ಮೂಲಕವೂ ಹಾಯದೆ ನಿತ್ಯವೂ ಜೀವಂತವಾಗಿರಬೇಕು. ದಿನವೂ ಬಳಸುವ ದೀಪದ ಸರ್ಕ್ಯೂಟಿನಿಂದಲೇ ಅದನ್ನು ತೆಗೆದುಕೊಂಡರೆ, ಎಂಸಿಬಿ ಬಿದ್ದಾಗ ದೀಪವೂ ಆರಿ ಕೂಡಲೆ ತಿಳಿಯುವುದು. ಮಳೆಗಾಲದಲ್ಲಿ ವಿದ್ಯುತ್ತು ಹೋದರೂ ಗ್ಯಾಸು ಉರಿಯುತ್ತಲೇ ಇರುವುದರಿಂದ, ಅಲಾರಮಿನೊಳಗೆ ಬ್ಯಾಟರಿಯ ಆಸರೆಯೂ ಇರಲೇಬೇಕು. ಮನೆಗೆ ಬಣ್ಣ ಬಳಿಯುವುದಿದ್ದರೆ ಆ ಕೆಲಸ ಮುಗಿದ ಮೇಲೆಯೇ ಇದನ್ನು ಕೂರಿಸುವುದು ಲೇಸು.

ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆಯಾದರೂ ಒತ್ತಬೇಕು. ಸಂವೇದಕದ ಆಯುಸ್ಸು ಸಾಮಾನ್ಯವಾಗಿ 5ರಿಂದ 10 ವರ್ಷ. ಪೆಟ್ಟಿಗೆಯ ಮೇಲೆ ಅಚ್ಚಾದ ದಿನಾಂಕ ಮುಗಿದಲ್ಲಿ, ಗುಂಡಿ ಒತ್ತಿದಾಗ ಎಷ್ಟೇ ಜೋರಾಗಿ ಕೂಗಿದರೂ ಅದನ್ನು ಬದಲಾಯಿಸತಕ್ಕದ್ದು. ಅದು ತಾನಾಗಿ ಕೂಗಿದ ದಿನ, ಕೈಗೆಟಕುವ ಗ್ಯಾಸಿನ ಕಾಕನ್ನು ತಿರುಗಿಸಿ, ಹೋಗುವ ದಾರಿಯ ಬಾಗಿಲು ಕಿಟಕಿಗಳನ್ನು ತೆರೆದು, ವೃದ್ಧರನ್ನೂ ಮಕ್ಕಳನ್ನೂ ಕರೆದುಕೊಂಡು ಕೆಳಗಿಳಿಯಬೇಕು. ತಲೆ ಸುತ್ತಿದವರನ್ನು ಆಸ್ಪತ್ರೆಗೆ ಕರೆದೊಯ್ದು, ಗ್ಯಾಸ್ ಉರಿಯುತ್ತಿದ್ದ ಕೋಣೆಯಲ್ಲಿದ್ದರೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಗೀಸರನ್ನಾದರೋ ಬಲ್ಲವನು ಬಿಚ್ಚಿ ನೋಡುವವರೆಗೆ ಮತ್ತೆ ಹೊತ್ತಿಸಲಾಗದು.