‘ಬೋಂಜೂರ್’ ಎಂಬ ಹೊಸ್ತಿಲು

ಫ್ರೆಂಚರು ಬಿಗುಮಾನದ ಜನರೆಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಲಿಯೋಂ ನಗರವನ್ನು ಸೇರಿದ ಮೊದಲ ದಿನ ನಾನೂ ಹಾಗೆಯೇ ಎಣಿಸಿದೆ. ಬೇಕರಿಯೊಂದನ್ನು ಹೊಕ್ಕವನೇ ಅವರ ಉದ್ದನೆಯ ಬ್ರೆಡ್ಡನ್ನು ತೋರಿಸಿ ‘ಅಂ ಬಾಗೆತ್’ ಎಂದೆ. ಅಂಗಡಿಯ ವೃದ್ಧೆ ನನ್ನ ಮುಖವನ್ನೇ ನೋಡಿ, ನಿಧಾನವಾಗಿ ‘ಬೋಂಜೂರ್, ಮುಸ್ಯೋ’ ಎಂದರು. ಬ್ರೆಡ್ಡನ್ನು ಆಮೇಲೆ ಕೊಟ್ಟರು. ಅದು ಸ್ವಾಗತವಲ್ಲ, ಪಾಠವೆಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ಅಲ್ಲಿ ಅಂಗಡಿಯೆಂದರೆ ಅಂಗಡಿಯವರ ಮನೆಯಿದ್ದಂತೆ. ವಂದಿಸದೆ ಒಳಬಂದವನು ಸರಕನ್ನು ಕಂಡನೇ ಹೊರತು ಮನುಷ್ಯರನ್ನು ಕಾಣಲಿಲ್ಲವೆಂದೇ ಅರ್ಥ. ಹೊರಡುವಾಗ ‘ಮೆರ್ಸಿ, ಓ ರೆವ್ವಾರ್’ ಎನ್ನುವುದೂ ಅಷ್ಟೇ ಅಗತ್ಯ. ಇನ್ನೊಂದು ಸೂಕ್ಷ್ಮ ಕನ್ನಡಿಗರಿಗೆ ಸುಲಭವಾದುದು: ನಮ್ಮ ‘ನೀನು’, ‘ನೀವು’ಗಳಂತೆ ಅವರಲ್ಲಿಯೂ ‘ತ್ಯು’, ‘ವೂ’ಗಳುಂಟು. ಅಪರಿಚಿತರೊಡನೆ ‘ವೂ’ ಎಂದೇ ಆಡಬೇಕು. ‘ತ್ಯು’ ಎನ್ನುವ ಸಲಿಗೆಯನ್ನು ಅವರೇ ಕೊಡುವ ತನಕ ಕಾಯಬೇಕು.

ಮೂರನೆಯ ದಿನ ನಾನೇ ಮೊದಲು ವಂದಿಸಿದೆ. ವೃದ್ಧೆಯ ಮುಖ ಅರಳಿತು. ‘ಬಾಗೆತ್’ ಸ್ತ್ರೀಲಿಂಗ, ‘ಅಂ’ ಅಲ್ಲ, ‘ಯೂನ್’ ಎನ್ನಬೇಕೆಂದು ನಗುತ್ತ ತಿದ್ದಿದರು. ವಾರ ಕಳೆಯುವಷ್ಟರಲ್ಲಿ ನಾನು ಬಾಗಿಲಲ್ಲಿ ಕಾಣಿಸಿದೊಡನೆಯೇ ಚೆನ್ನಾಗಿ ಬೆಂದುದೊಂದನ್ನು ಆರಿಸಿ ಇಡತೊಡಗಿದರು.

ಬಿಗುಮಾನವಿದ್ದುದು ಅವರಲ್ಲಿಯೋ, ವಂದಿಸದೆ ಒಳನುಗ್ಗಿದ ನನ್ನಲ್ಲಿಯೋ? ಈ ಪ್ರಶ್ನೆಯನ್ನು ಆಮೇಲೆ ಪ್ರತಿ ಹೊಸ ಊರಿನ ಬಾಗಿಲಲ್ಲಿಯೂ ಕೇಳಿಕೊಂಡಿದ್ದೇನೆ.